ಖಟ್ ಎನ್ನದ ಚಾಕು

ಹೋದ ತಿಂಗಳು ಒಂದು ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದೆ. ಮುಂದೆ ತಟ್ಟೆಯಲ್ಲಿ ಎರಡು ಮಾವಿನಹಣ್ಣು, ಪಕ್ಕದಲ್ಲಿ ಏಳನೇ ಇಯತ್ತೆಯ ಮೊಮ್ಮಗ. ರೂಢಿಯಂತೆ ಕಿಸೆಯಿಂದ ಮಡಚು ಚಾಕು ತೆಗೆದೆ. ಅಲಗಿನ ಮೇಲಿರುವ ಸಣ್ಣ ಗೀರಿಗೆ ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಉಗುರು ಜಾರಿತು, ಅಲಗು ಅಲುಗಲಿಲ್ಲ. ಮೂರನೇ ಸಲ ಎಳೆಯುವಷ್ಟರಲ್ಲಿ ಮೊಮ್ಮಗ ಕೈ ಚಾಚಿದ. "ಅಜ್ಜಾ, ಕೊಡ್ರಿ ಇಲ್ಲಿ" ಎಂದು ಚಾಕು ತೆಗೆದುಕೊಂಡು ಒಂದೇ ಎಳೆತಕ್ಕೆ ತೆರೆದುಬಿಟ್ಟ.

ಮಾವಿನಹಣ್ಣು ಸಿಹಿಯಾಗಿತ್ತು. ಆದರೆ ನನಗೆ ಅದರ ರುಚಿ ಹತ್ತಲಿಲ್ಲ. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಕೊಂಡ ಚಾಕು ಅದು. ಎಪ್ಪತ್ತು ದಾಟಿದ ಮೇಲೆ ಕನ್ನಡಕ ಬಂತು, ಕೋಲು ಬಂತು. ಆಗೆಲ್ಲ ಇಷ್ಟು ಬೇಸರವಾಗಿರಲಿಲ್ಲ.

"ಅಜ್ಜಾ, ಹೊಸದು ತಗೊಳ್ರಿ. ಗುಂಡಿ ಒತ್ತಿದ್ರ ಖಟ್ ಅಂತ ತೆರಿತದ, ಅಂಥಾದ್ದು" ಎಂದ ಮೊಮ್ಮಗ. ಅವನ ಕಣ್ಣಲ್ಲಿ ಆ 'ಖಟ್' ಎನ್ನುವ ಸದ್ದೇ ಹೊಳೆಯುತ್ತಿತ್ತು. ಹೊಸದು ಬೇಕು ಎನ್ನುವುದನ್ನು ನಾನೂ ಒಪ್ಪಿದೆ. ಎಂಥದ್ದು ಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೆ ಒಂದು ತಿಂಗಳು ಚರ್ಚೆ ನಡೆಯಿತು. ಮಕ್ಕಳಿಗೂ ಅವರ ಅಜ್ಜ ಅಜ್ಜಿಯರಿಗೂ ಉಪಯೋಗವಾದೀತೆಂದು ಆ ಚರ್ಚೆಯನ್ನೇ ಈ ವಾರ ಬರೆಯುತ್ತಿದ್ದೇನೆ.

ಬ್ಯಾಂಕಿನ ಗುಮಾಸ್ತನಿಗೆ ಚಾಕು ಯಾಕೆ ಎಂದು ನೀವು ಕೇಳಬಹುದು. ಆಗ ನೂರು ನೋಟಿನ ಪ್ರತಿ ಕಟ್ಟಿಗೂ ದಪ್ಪನೆಯ ಪಿನ್ನು ಹೊಡೆದಿರುತ್ತಿದ್ದರು. ಎಣಿಸಬೇಕಾದರೆ ಮೊದಲು ಆ ಪಿನ್ನು ಕೀಳಬೇಕು. ಉಗುರಿನಿಂದ ಕಿತ್ತರೆ ಉಗುರು ಹರಿಯುತ್ತಿತ್ತು, ಅವಸರ ಮಾಡಿದರೆ ನೋಟು ಹರಿಯುತ್ತಿತ್ತು. ಚಾಕುವಿನ ತುದಿಯಿಂದ ಪಿನ್ನಿನ ಕಾಲು ಮೆಲ್ಲಗೆ ಎತ್ತುವುದೇ ಒಂದು ವಿದ್ಯೆಯಾಗಿತ್ತು. 2001ರಲ್ಲಿ ರಿಸರ್ವ್ ಬ್ಯಾಂಕು ನೋಟಿನ ಕಟ್ಟಿಗೆ ಪಿನ್ನು ಬೇಡ, ಕಾಗದದ ಪಟ್ಟಿ ಸುತ್ತಿ ಎಂದ ಮೇಲೆ ಆ ಕೆಲಸ ತಪ್ಪಿತು. ಆದರೆ ಚಾಕು ಕಿಸೆ ಬಿಡಲಿಲ್ಲ. ಅಕ್ಕಿ ಚೀಲದ ಹೊಲಿಗೆ, ಸುತಳಿಯ ಗಂಟು, ಔಷಧಿಯ ಪೊಟ್ಟಣ, ಪೇರಲಹಣ್ಣು, ನಿಂಬೆಹಣ್ಣು, ಹೀಗೆ ದಿನಕ್ಕೆ ನಾಲ್ಕು ಸಲವಾದರೂ ಅದು ಹೊರಗೆ ಬರುತ್ತಿತ್ತು.

ಬರೆಯುವವರಿಗೂ ಚಾಕುವಿಗೂ ಹಳೆಯ ನಂಟು. ಇಂಗ್ಲಿಷಿನಲ್ಲಿ ಸಣ್ಣ ಮಡಚು ಚಾಕುವಿಗೆ 'ಪೆನ್‌ನೈಫ್' ಎಂಬ ಹೆಸರು ಬಂದದ್ದೇ ಹಕ್ಕಿಯ ಗರಿಯ ಲೇಖನಿಯನ್ನು ಚೂಪು ಮಾಡುತ್ತಿದ್ದುದರಿಂದ. ನಮ್ಮಲ್ಲಿ ಓಲೆಗರಿಯ ಮೇಲೆ ಬರೆಯುವವರೂ ಕಂಟದ ಜೊತೆಗೆ ಓಲೆ ಕತ್ತರಿಸಲು ಸಣ್ಣ ಚಾಕು ಇಟ್ಟುಕೊಳ್ಳುತ್ತಿದ್ದರು. ಮಡಚುವ ಉಪಾಯವಂತೂ ರೋಮನ್ನರ ಕಾಲದಷ್ಟು ಹಳೆಯದು. ಅಲಗು ಹಿಡಿಯೊಳಗೇ ಮಲಗಿದರೆ ಒರೆ ಬೇಕಿಲ್ಲ, ಕಿಸೆಯೂ ಹರಿಯುವುದಿಲ್ಲ. ಆದರೆ ಮಡಚುವಂತೆ ಮಾಡಿದ ಕೂಡಲೇ ಒಂದು ತೊಂದರೆ ಹುಟ್ಟುತ್ತದೆ. ನಮಗೆ ಬೇಕಾದಾಗ ಮಡಚುವ ಅಲಗು ಬೇಡವಾದಾಗಲೂ ಮಡಚಿಕೊಳ್ಳಬಹುದು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನನ್ನ ಬಲಗೈಯ ತೋರುಬೆರಳಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆಯಿದೆ. ಜೋಳ ಕೊಯ್ಯುವಾಗ ಕುಡುಗೋಲು ತಾಗಿದ್ದು ಎಂದು ಅರವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ನನಗಾಗ ಹತ್ತು ವರ್ಷ. ನಮ್ಮ ದೇವಸುಗೂರಿನ ಆಕಾಶದಲ್ಲಿ ಶಾಖೋತ್ಪನ್ನ ಕೇಂದ್ರದ ಚಿಮಣಿಗಳಿನ್ನೂ ಎದ್ದಿರಲಿಲ್ಲ. ಸುಗೂರೇಶ್ವರನ ಜಾತ್ರೆಯಲ್ಲಿ ಮಿಠಾಯಿಗೆಂದು ಕೊಟ್ಟ ದುಡ್ಡಿನಿಂದ ಯಾರಿಗೂ ಹೇಳದೆ ಒಂದು ಮಡಚು ಚಾಕು ಕೊಂಡೆ. ತೆಂಗಿನ ಚಿಪ್ಪಿನ ತಕ್ಕಡಿ ಮಾಡಬೇಕೆಂಬ ಆಸೆ. ಚಿಪ್ಪಿನ ಅಂಚಿಗೆ ದಾರ ಪೋಣಿಸಲು ತೂತು ಬೇಕು. ಹೊಳೆ ದಂಡೆಯಲ್ಲಿ ಕೂತು ಚಾಕುವಿನ ತುದಿಯನ್ನು ಚಿಪ್ಪಿಗೆ ಒತ್ತಿ ತಿರುಗಿಸಿದೆ. ತುದಿ ಜಾರಿತು, ಅಲಗು ಹಿಂದಕ್ಕೆ ಮಡಚಿ ಬೆರಳಿನ ಮೇಲೆ ಕೂತಿತು. ಅವ್ವ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಚಾಕುವಿನ ಸುದ್ದಿ ಹೇಳಿದರೆ ಅದು ಹೋಗುತ್ತದೆಂದು ಕುಡುಗೋಲಿನ ಮೇಲೆ ತಪ್ಪು ಹೊರಿಸಿದೆ. ಮೊಮ್ಮಗನಿಗೆ ಈ ಸಂಗತಿ ಹೇಳಿದ್ದು ಹೋದ ತಿಂಗಳೇ. ಅವನು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದ.

ಆಮೇಲೆ ಇಬ್ಬರೂ ಬಸ್ಸು ಹತ್ತಿ ರಾಯಚೂರಿಗೆ ಹೋದೆವು. ತೀನ್ ಕಂದೀಲ್ ಹತ್ತಿರದ ಒಂದು ಅಂಗಡಿಯವರು ನಾಲ್ಕು ಥರದ ಚಾಕು ಗಾಜಿನ ಮೇಲಿಟ್ಟರು. ಒಂದೊಂದನ್ನೇ ನಿಮಗೂ ತೋರಿಸುತ್ತೇನೆ.

ಮೊದಲನೆಯದು ನನ್ನ ಹಳೆಯ ಚಾಕುವಿನ ಜಾತಿ. ಉಗುರು ಹಾಕಿ ಎಳೆಯಬೇಕು. ಹಿಡಿಯ ಬೆನ್ನಲ್ಲಿ ಒಂದು ಪಟ್ಟಿ ಸ್ಪ್ರಿಂಗು ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಬೀಗವಿಲ್ಲ. ಚಿಲಕ ಹಾಕದೆ ಒರಗಿಸಿಟ್ಟ ಬಾಗಿಲಿದ್ದಂತೆ. ಕೊಯ್ಯುವಾಗ ಬಲ ಅಂಚಿನ ಮೇಲೆ ಬೀಳುವುದರಿಂದ ಅಲಗು ತೆರೆದೇ ಇರುತ್ತದೆ. ತುದಿಯಿಂದ ಚುಚ್ಚಿದರೆ ಅಥವಾ ಬೆನ್ನಿನ ಮೇಲೆ ಒತ್ತಿದರೆ ಮಡಚುತ್ತದೆ. ನನ್ನ ಬೆರಳು ಕೊಯ್ದದ್ದು ಇದೇ ಜಾತಿ. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಕೆಂಪು ಚಾಕುವಿನಲ್ಲೂ ಸಣ್ಣ ಮಾದರಿಗಳು ಹೆಚ್ಚಾಗಿ ಹೀಗೆಯೇ. ಅದನ್ನು ಮಾಡಿದ ಕಾರ್ಲ್ ಎಲ್ಸೆನರ್ 1884ರಲ್ಲಿ ತನ್ನ ಕಮ್ಮಟ ಶುರುಮಾಡಿ, 1891ರಲ್ಲಿ ಸೈನಿಕರಿಗೆ, 1897ರಲ್ಲಿ ಅಧಿಕಾರಿಗಳಿಗೆ ಚಾಕು ರೂಪಿಸಿದ. ಚಾಕು ಒಳ್ಳೆಯದೇ, ಆದರೆ ಚುಚ್ಚುವ ಕೆಲಸಕ್ಕೆ ಅಲ್ಲ ಎಂಬುದು ಬಳಸುವವನಿಗೆ ಗೊತ್ತಿರಬೇಕು.

ಎರಡನೆಯದಕ್ಕೆ ಬೆನ್ನಲ್ಲಿ ಬೀಗ. ಅಲಗು ಪೂರ್ತಿ ತೆರೆದಾಗ ಬೆನ್ನಿನ ಪಟ್ಟಿಯ ಹಲ್ಲು ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಮುಚ್ಚಬೇಕಾದರೆ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಒತ್ತಬೇಕು. ಗಟ್ಟಿ ಬೀಗ. ಆದರೆ ನನ್ನ ಹೆಬ್ಬೆರಳು ಅಷ್ಟು ಬಲಕ್ಕೆ ಒಪ್ಪಲಿಲ್ಲ. ಒತ್ತಿದಾಗ ಕೈ ನಡುಗಿತು. ನಡುಗುವ ಕೈಯಲ್ಲಿ ಅಲಗು ಮಡಚುವುದು ಬೇಡವೆಂದು ಕೆಳಗಿಟ್ಟೆ.

ಮೂರನೆಯದರ ಅಲಗಿಗೆ ಒಂದು ಸಣ್ಣ ಮೊಳೆಯಂಥ ಗುಬಟು. ಹೆಬ್ಬೆರಳಿನಿಂದ ಅದನ್ನು ತಳ್ಳಿದರೆ ಒಂದೇ ಕೈಯಲ್ಲಿ ತೆರೆಯುತ್ತದೆ. ತೆರೆದ ಕೂಡಲೇ ಹಿಡಿಯ ಒಳಗಿನ ತೆಳು ತಗಡು ಸರಿದು ಬಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ತೆರೆಯುವುದೇನೋ ಸುಲಭ. ಮುಚ್ಚುವಾಗ ಹೆಬ್ಬೆರಳನ್ನು ಹಿಡಿಯೊಳಗೆ ಹಾಕಿ ಆ ತಗಡನ್ನು ಪಕ್ಕಕ್ಕೆ ಸರಿಸಬೇಕು. ಅಂದರೆ ಅಲಗು ಇಳಿದು ಬರುವ ದಾರಿಯಲ್ಲೇ ಬೆರಳಿರುತ್ತದೆ. ಬೆರಳು ಚುರುಕಾಗಿರುವವರಿಗೆ ಇದು ತೊಂದರೆಯಲ್ಲ. ನನ್ನಂಥವನಿಗೂ ಹನ್ನೆರಡು ವರ್ಷದ ಹುಡುಗನಿಗೂ ತೊಂದರೆಯೇ.

ನಾಲ್ಕನೆಯದೇ ಮೊಮ್ಮಗ ಬಯಸಿದ ಗುಂಡಿ ಚಾಕು. ಒತ್ತಿದರೆ ಖಟ್! ಒಳಗಿನ ಸ್ಪ್ರಿಂಗು ಅಲಗನ್ನು ತಾನೇ ಹೊರಗೆ ಎಸೆಯುತ್ತದೆ. ಉತ್ತರಪ್ರದೇಶದ ರಾಮ್‌ಪುರದ ಚಾಕುಗಳು ಹಳೆಯ ಹಿಂದಿ ಸಿನಿಮಾದ ಖಳನಾಯಕರ ಕೈಯಲ್ಲಿ ಹೀಗೇ ಸದ್ದು ಮಾಡಿ ದೇಶಕ್ಕೆಲ್ಲ ಹೆಸರಾದವು. ಹೊರದೇಶಗಳಲ್ಲಿ ಗುಂಡಿ ಚಾಕುವಿನ ಮೇಲೆ ಬಹಳ ಹಿಂದೆಯೇ ಕಾನೂನಿನ ಕಣ್ಣು ಬಿತ್ತು. ಅಮೆರಿಕದಲ್ಲಿ 1958ರಲ್ಲಿ, ಬ್ರಿಟನ್ನಿನಲ್ಲಿ 1959ರಲ್ಲಿ ಅದರ ವ್ಯಾಪಾರಕ್ಕೆ ತಡೆ ಹಾಕಿದರು.

ಮೊಮ್ಮಗನನ್ನು ಕೇಳಿದೆ. "ತಮ್ಮಾ, ಮಾವಿನಹಣ್ಣು ಓಡಿ ಹೋಗ್ತದೇನು?"

ಅವನು ನಕ್ಕ. "ಇಲ್ರಿ ಅಜ್ಜಾ."

"ಹಂಗಾದ್ರ ನಮಗ್ಯಾಕ ಇಷ್ಟು ಅವಸರ? ಕಿಸೆಯಾಗ ಕೀಲಿಕೈ ತಾಗಿ ಗುಂಡಿ ಒತ್ತಿದ್ರ ಅಲಗು ಎಲ್ಲಿ ತೆರಿತದ, ಹೇಳು."

ಅವನು ತನ್ನ ಚಡ್ಡಿಯ ಕಿಸೆ ಮುಟ್ಟಿ ನೋಡಿಕೊಂಡ. ಉತ್ತರ ಕೊಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವನಿಗೆ ನಮ್ಮ ಬ್ಯಾಂಕಿನ ಖಜಾನೆ ಕೋಣೆಯ ಕತೆ ಹೇಳಿದೆ. ಆ ಬಾಗಿಲಿಗೆ ಎರಡು ಕೀಲಿ. ಒಂದು ಒಬ್ಬರ ಹತ್ತಿರ, ಇನ್ನೊಂದು ಇನ್ನೊಬ್ಬರ ಹತ್ತಿರ. ಇಬ್ಬರೂ ಕೂಡಿದರೇ ಬಾಗಿಲು ತೆರೆಯುವುದು. ಬೆಳಿಗ್ಗೆ ಎಷ್ಟು ಗದ್ದಲವಿದ್ದರೂ, ಹೊರಗೆ ಜನ ಎಷ್ಟು ಕೂಗಿದರೂ ಎರಡು ಕೀಲಿ ಬೇಕೇ ಬೇಕು. ತಡವಾಗುತ್ತದೆ ಎಂದು ಹೊಸ ಗುಮಾಸ್ತರು ಗೊಣಗುತ್ತಿದ್ದರು, ನಾನೂ ಗೊಣಗಿದ್ದೇನೆ. ಆದರೆ ಆ ತಡದಲ್ಲೇ ಭದ್ರತೆಯಿತ್ತು. ಎರಡು ಕೈ ಬೇಡುವ ಚಾಕುವೂ ಹಾಗೆಯೇ. ಎರಡನೆಯ ಕೈ ಬರುವಷ್ಟರಲ್ಲಿ ಬುದ್ಧಿಯೂ ಬಂದಿರುತ್ತದೆ.

ಅಂಗಡಿಯಲ್ಲಿ ಕೊಳ್ಳದೆ ಬಂದ ನಮಗೆ ದಾರಿ ತೋರಿಸಿದವಳು ಬೆಂಗಳೂರಿನ ಮಗಳು. ಫ್ರಾನ್ಸಿನ ಸವಾಯ್ ಎಂಬ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ ಎಂಬವನು 1890ರಲ್ಲಿ ರೈತರಿಗೆಂದು ಮಾಡಿದ ಮರದ ಹಿಡಿಯ ಚಾಕುವನ್ನು ತರಿಸಿಕೊಟ್ಟಳು. ಅದಕ್ಕೆ 1955ರಲ್ಲಿ ಕುತ್ತಿಗೆಗೊಂದು ಉಕ್ಕಿನ ಉಂಗುರ ಸೇರಿತು. ಉಂಗುರದಲ್ಲಿ ಒಂದು ಸೀಳು ಇದೆ. ಸೀಳು ಅಲಗಿನ ನೇರಕ್ಕಿದ್ದಾಗ ಅಲಗು ಓಡಾಡುತ್ತದೆ. ಉಂಗುರ ತಿರುಗಿಸಿದರೆ ದಾರಿ ಮುಚ್ಚಿ ಅಲಗು ಅಲ್ಲೇ ನಿಲ್ಲುತ್ತದೆ. 2000ದಿಂದ ಈಚೆಗೆ ಬಂದವುಗಳಲ್ಲಿ ಮಡಚಿದಾಗಲೂ ಉಂಗುರ ತಿರುಗಿಸಿ ಬೀಗ ಹಾಕಬಹುದು. ತೆರೆದಾಗಲೂ ಬೀಗ, ಮುಚ್ಚಿದಾಗಲೂ ಬೀಗ. ಮಡಚಿದಾಗ ಅಲಗಿನ ಬೆನ್ನು ಹಿಡಿಯಿಂದ ಸ್ವಲ್ಪ ಮೇಲೆದ್ದಿರುವುದರಿಂದ ನಾನು ಉಗುರು ಹಾಕಬೇಕಿಲ್ಲ, ಎರಡು ಬೆರಳಲ್ಲಿ ಚಿವುಟಿ ಎಳೆದರೆ ಸಾಕು. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾಗುತ್ತದೆ. ಆಗ ಹಿಡಿಯ ಹಿಂದಿನ ತುದಿಯನ್ನು ಹಲಗೆಗೆ ಮೆಲ್ಲಗೆ ಕುಟ್ಟಿದರೆ ಅಲಗು ಹೊರಗೆ ಇಣುಕುತ್ತದೆ.

ಎಲ್ಲರೂ ಇದನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೈ ನೋಡಿ ಚಾಕು ಕೊಳ್ಳಿ. ಎಷ್ಟು ಬೇಗ ತೆರೆಯುತ್ತದೆ ಎಂದು ಕೇಳುವ ಮೊದಲು ಮುಚ್ಚುವಾಗ ನನ್ನ ಬೆರಳು ಎಲ್ಲಿರುತ್ತದೆ ಎಂದು ನೋಡಿ. ಅಜ್ಜಂದಿರು ಅಂಗಡಿಯಲ್ಲಿ ನಾಚಿಕೊಳ್ಳದೆ ಐದು ಸಲ ತೆರೆದು ಮುಚ್ಚಿ ನೋಡಬೇಕು. ಅಲಗು ಒಂದು ಗೇಣು ಬೇಡ, ಮೂರು ಅಂಗುಲ ಹಣ್ಣಿಗೂ ಹಗ್ಗಕ್ಕೂ ಸಾಕು. ತುಕ್ಕು ಹಿಡಿಯದ ಉಕ್ಕಿದ್ದರೆ ನಿಂಬೆ, ಮಾವಿನಕಾಯಿಯ ಹುಳಿಗೆ ಕಪ್ಪಾಗುವುದಿಲ್ಲ. ಬಾಗಿಲಿಗೆ ಸಾಣೆಯವನು ಬಂದರೆ ಹರಿತ ಮಾಡಿಸಿ. ಮೊಂಡು ಚಾಕುವೇ ಹೆಚ್ಚು ಕೈ ಕೊಯ್ಯುವುದು. ಅದಕ್ಕೆ ಹೆಚ್ಚು ಬಲ ಹಾಕುತ್ತೇವೆ, ಬಲ ಹೆಚ್ಚಾದಾಗ ಜಾರುತ್ತದೆ.

ಕಾನೂನೂ ಗೊತ್ತಿರಲಿ. ನಮ್ಮ ದೇಶದ 1959ರ ಆಯುಧ ಕಾಯ್ದೆಯ ನಿಯಮಗಳು ಮನೆಗೆಲಸಕ್ಕೆ, ಕೃಷಿಗೆ ಮಾಡಿದ್ದನ್ನು ಬಿಟ್ಟು, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಚಾಕುಗಳನ್ನು ಆಯುಧವೆಂದು ಎಣಿಸುತ್ತವೆ. ನಮ್ಮ ಕಿಸೆಯ ಚಾಕು ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗೆಂದು ಎಲ್ಲೆಂದರಲ್ಲಿ ಒಯ್ಯುವಂತಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ. ಮಕ್ಕಳೇ, ಶಾಲೆಗಂತೂ ಬೇಡವೇ ಬೇಡ. ಪೆನ್ಸಿಲ್ಲಿಗೆ ಶಾರ್ಪನರ್ ಇದೆ. ಜಗಳದ ಮಾತಿರಲಿ, ತಮಾಷೆಗೂ ತೆರೆದ ಚಾಕು ಯಾರ ಕಡೆಗೂ ತೋರಿಸಬಾರದು.

ನಮ್ಮವ್ವ ಒಂದು ಮಾತು ಹೇಳುತ್ತಿದ್ದಳು: ಚಾಕು ಕೈಯಿಂದ ಕೈಗೆ ಕೊಡಬೇಡ, ಜಗಳ ಬರುತ್ತದೆ, ನೆಲದ ಮೇಲಿಡು, ಅವರು ಎತ್ತಿಕೊಳ್ಳಲಿ. ಜಗಳದ ಮಾತು ನನಗೆ ಗೊತ್ತಿಲ್ಲ. ಆದರೆ ಹಾಗೆ ಮಾಡಿದರೆ ಯಾರ ಕೈಯೂ ಕೊಯ್ಯುವುದಿಲ್ಲ.

ಹಳೆಯ ಚಾಕು ತನಗೆ ಬೇಕೆಂದು ಮೊಮ್ಮಗ ಕೇಳಿದ. ಕೊಡಲು ಮನಸ್ಸಿತ್ತು. ನನ್ನ ಬೆರಳಿನ ಗೆರೆ ನೋಡಿ ಕೊಡಲಿಲ್ಲ. ಅದು ಈಗ ಟ್ರಂಕಿನಲ್ಲಿ ಪಾಸ್‌ಬುಕ್ಕುಗಳ ಪಕ್ಕದಲ್ಲಿದೆ. ಬೀಗವಿಲ್ಲದ ಚಾಕುವಿನ ಗುಣ ತಿಳಿಯುವಷ್ಟು ದೊಡ್ಡವನಾದ ಮೇಲೆ ಅವನದೇ. ಅಲ್ಲಿಯವರೆಗೆ ಹೊಸ ಚಾಕುವಿಗೆ ಖಜಾನೆಯ ನಿಯಮ. ಚಾಕು ನನ್ನ ಕಿಸೆಯಲ್ಲಿರುತ್ತದೆ, ಹಣ್ಣು ಅವನ ಮುಂದಿರುತ್ತದೆ. ನಾನು ತೆರೆದು ಉಂಗುರ ತಿರುಗಿಸಿ ಹಲಗೆಯ ಮೇಲಿಡುತ್ತೇನೆ. ಅವನು ಉಂಗುರ ಗಟ್ಟಿಯಿದೆಯೇ ಎಂದು ನೋಡಿ ಎತ್ತಿಕೊಳ್ಳುತ್ತಾನೆ, ತನ್ನಿಂದ ಹೊರಮುಖವಾಗಿ ಕೊಯ್ಯುತ್ತಾನೆ.

ನಿನ್ನೆ ಒಂದು ಪೇರಲಹಣ್ಣು ಕೊಯ್ದ. ಹೋಳುಗಳು ಒಂದು ದಪ್ಪ, ಒಂದು ತೆಳ್ಳಗೆ. ಕೊಯ್ದಾದ ಮೇಲೆ ಅಲಗು ಒರೆಸಿ ಹಲಗೆಯ ಮೇಲಿಟ್ಟು, "ಅಜ್ಜಾ, ಮುಚ್ರಿ, ಬೆರಳು ಜ್ವಾಕಿ" ಎಂದ. ನನ್ನವ್ವನೇ ಹೇಳಿದಂತಿತ್ತು.