ಇಗರ್ಜಿಯ ಅಂಗಳಕ್ಕೆ ಬಂದ ಹೊಸ ಲಯ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕ್ರೈಸ್ತ ಮನೆತನಗಳ ತರುಣರು ತಮ್ಮ ದೈವಭಕ್ತಿಯನ್ನು ರ‍್ಯಾಪ್ ಎಂಬ ನವೀನ ಗೇಯರೂಪದಲ್ಲಿ ಪ್ರಕಟಿಸಲು ಹೊರಟರೆ, ಹಿರಿಯರಾದವರು ಅದನ್ನು ತಿರಸ್ಕರಿಸದೆ ಆದರದಿಂದ ಕೇಳಿ, ತಿದ್ದಿ, ಬೆಳೆಯಿಸತಕ್ಕುದೆಂಬುದು ನನ್ನ ದೃಢವಾದ ಅಭಿಪ್ರಾಯ. ಬೀದಿಯಲ್ಲಿ ಹುಟ್ಟಿ, ಆತ್ಮಪ್ರಶಂಸೆಗೂ ಬೈಗಳಿಗೂ ಹೆಸರಾದ ಈ ಹಾಡು ಪವಿತ್ರ ನಾಮವನ್ನು ಹೊರಲು ಯೋಗ್ಯವೇ ಎಂದು ಕೇಳುವವರ ಸಂಕೋಚವು ಕ್ಷುಲ್ಲಕವಾದುದಲ್ಲ. ಆದರೆ ಹಾಡಿನ ಕುಲವನ್ನು ವಿಚಾರಿಸಿ ಅದನ್ನು ಹೊಸ್ತಿಲಾಚೆ ನಿಲ್ಲಿಸುವುದಕ್ಕೆ ಮುನ್ನ ಅವರು ತಮ್ಮದೇ ಪರಂಪರೆಯ ಚರಿತ್ರೆಯನ್ನು ಒಮ್ಮೆ ಅವಲೋಕಿಸಬೇಕು.

ಬ್ರಹ್ಮಾವರದಲ್ಲಿ ಸಂತ ಮೇರಿಯ ಹೆಸರಿನ ಸಿರಿಯನ್ ಆರ್ಥೊಡಾಕ್ಸ್ ದೇವಾಲಯವಿದೆ. 19ನೆಯ ಶತಮಾನದ ಕೊನೆಯಲ್ಲಿ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸರೂ ಅವರ ಒಡನಾಡಿಯಾದ ನೊರೊನ್ಹಾ ಪಾದ್ರಿಗಳೂ ರೋಮಿನ ಸಂಬಂಧವನ್ನು ತೊರೆದು ಅಂತಿಯೋಕ್ಯದ ಸಿರಿಯನ್ ಪರಂಪರೆಯನ್ನು ಆಶ್ರಯಿಸಿದುದರಿಂದ ಬೆಳೆದು ಬಂದ ಸಮುದಾಯವದು. ಆ ಪರಂಪರೆಯ ಮಹಾಕವಿ, ಕ್ರಿ.ಶ. 373ರಲ್ಲಿ ತೀರಿಕೊಂಡ ಸಂತ ಎಫ್ರೇಮ್. ಎದೆಸ್ಸಾ ನಗರದಲ್ಲಿ ಭಿನ್ನಮತದ ಚಿಂತಕನಾದ ಬರ್ದೈಸಾನನ ಮಗ ಹರ್ಮೋನಿಯಸನು ಕಟ್ಟಿದ ಇಂಪಾದ ಗೀತಗಳು ಜನರ ನಾಲಗೆಯಲ್ಲಿ ನೆಲಸಿ ಭಿನ್ನಮತವನ್ನು ಹರಡುತ್ತಿದ್ದುದನ್ನು ಕಂಡಾಗ ಎಫ್ರೇಮನು ಆ ಮಟ್ಟುಗಳಿಗೆ ಬಹಿಷ್ಕಾರ ಹಾಕಲಿಲ್ಲ. ಅವೇ ಮಟ್ಟುಗಳಿಗೆ ತನ್ನ ಶ್ರದ್ಧೆಯ ನುಡಿಗಳನ್ನು ಹೊಂದಿಸಿದನೆಂದು ಪ್ರಾಚೀನ ಚರಿತ್ರಕಾರನಾದ ಸೊಜೊಮೆನನು ಬರೆದಿದ್ದಾನೆ. ಸ್ತ್ರೀಯರಿಗೆ ಅವುಗಳನ್ನು ಕಲಿಸಿ ಸಭೆಯಲ್ಲಿ ಹಾಡಿಸಿದನೆಂದು ಸಿರಿಯನ್ ಕವಿಯಾದ ಸರೂಗಿನ ಯಾಕೋಬನು ಅವನನ್ನು ಕೊಂಡಾಡುತ್ತಾನೆ. ಏಳೇಳು ಅಕ್ಷರಗಳ ಎಣಿಕೆಯಲ್ಲಿ ನಡೆಯುವ ಅವನ ಪದ್ಯೋಪದೇಶಗಳು, ರಾಗದ ಮಾಧುರ್ಯಕ್ಕಿಂತ ಅಳೆದ ಮಾತಿನ ವೇಗವನ್ನೇ ನಂಬಿ ನಿಂತ ರಚನೆಗಳಾದ ಕಾರಣ, ಅವುಗಳನ್ನು ಇಂದಿನ ರ‍್ಯಾಪಿನ ಪೂರ್ವಬಂಧುಗಳೆಂದರೆ ಅತಿಶಯೋಕ್ತಿಯಾಗದು.

ಕುಂದಾಪುರದ ರೊಜಾರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದೆಂದು ಪ್ರಸಿದ್ಧಿ. ಅಂಥ ಇಗರ್ಜಿಗಳ ಆಶ್ರಯದಲ್ಲಿ ಬಾಳಿದ ಕರಾವಳಿಯ ಕೊಂಕಣಿ ಕ್ರೈಸ್ತರು ತಲೆಮಾರುಗಳ ಕಾಲ ಕಾಪಾಡಿದ ಗ್ರಂಥ, 1616ರಲ್ಲಿ ಮೊದಲು ಅಚ್ಚಾದ ಥಾಮಸ್ ಸ್ಟೀಫನ್ಸ್ ಪಾದ್ರಿಯ ಕ್ರಿಸ್ತಪುರಾಣ. ಇಂಗ್ಲೆಂಡಿನಲ್ಲಿ ಹುಟ್ಟಿದ ಆತನು ಕ್ರಿಸ್ತನ ಕಥೆಗೆ ಲ್ಯಾಟಿನ್ ಛಂದಸ್ಸನ್ನು ಬಯಸದೆ, ಬೀಸುವ ಕಲ್ಲಿನ ಮುಂದೆಯೂ ಹಾಡಲ್ಪಡುತ್ತಿದ್ದ ಮರಾಠಿಯ ಓವಿಯನ್ನೇ ಆಯ್ದುಕೊಂಡನು. ಬಾಸೆಲ್ ಮಿಶನಿನ ಫರ್ಡಿನಾಂಡ್ ಕಿಟ್ಟೆಲರೂ, ನಿಘಂಟಿನ ಕೀರ್ತಿ ಬರುವುದಕ್ಕೆ ಬಹುಕಾಲ ಮುಂಚೆ, 1862ರಲ್ಲಿ, ಕ್ರಿಸ್ತಚರಿತೆಯನ್ನು ದೇಶೀಯ ಪದ್ಯರೂಪದಲ್ಲಿ 'ಕಥಾಮಾಲೆ' ಎಂದು ಪ್ರಕಟಿಸಿದರು. ಹೀಗಿರಲು, ಆಯಾ ಕಾಲದ ಜನಪ್ರಿಯ ಲಯವನ್ನು ಭಕ್ತಿಗೆ ದುಡಿಸಿಕೊಳ್ಳುವುದು ಈ ನೆಲದ ಕ್ರೈಸ್ತರಿಗೆ ಪಿತ್ರಾರ್ಜಿತವಾದ ಹಕ್ಕೆಂದೇ ಹೇಳಬೇಕು.

ರ‍್ಯಾಪಿನ ಕಥೆಯೂ ಇದಕ್ಕೆ ವಿರುದ್ಧವಾಗಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಬಡ ಕರಿಯ ಜನರ ಮನೆಗೂಟಗಳಲ್ಲಿ ತಲೆಯೆತ್ತಿದ ಈ ಕಲೆ 1985ರ ವೇಳೆಗಾಗಲೇ ಸ್ಟೀಫನ್ ವೈಲಿಯ 'ಬೈಬಲ್ ಬ್ರೇಕ್'ನಲ್ಲಿ ಧರ್ಮಗ್ರಂಥವನ್ನು ಹೊತ್ತಿತ್ತು. 2014ರಲ್ಲಿ ಲೆಕ್ರೇ ಎಂಬವನ 'ಅನಾಮಲಿ' ಅಮೆರಿಕದ ಮಾರಾಟಪಟ್ಟಿಯ ಶಿಖರವನ್ನೇರಿತು. ನಮ್ಮ ಬೆಂಗಳೂರಿನ ಬ್ರೋಧ ವಿ 2012ರಲ್ಲಿ 'ಆತ್ಮ ರಾಮ'ದೊಳಗೆ ರಾಮಭಜನೆಯನ್ನು ಇದೇ ರೂಪದಲ್ಲಿ ನೆಯ್ದು ತೋರಿಸಿದನು.

ನನಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಕೀರ್ತನೆಯಲ್ಲಿ ರಾಗದ ಮರೆಯಿದೆ. ಕಂಠ ಇಂಪಾಗಿದ್ದರೆ ಹೃದಯ ಬರಿದಾಗಿದ್ದರೂ ಕೇಳುವವರು ತಲೆದೂಗಿಯಾರು. ರ‍್ಯಾಪಿನಲ್ಲಿ ಆ ಮರೆಯಿಲ್ಲ. ಅಲ್ಲಿ ನಾನು ಇಂಥವನು, ಇಂಥಲ್ಲಿ ಬಿದ್ದೆ, ಇಂಥವನು ನನ್ನನ್ನು ಎತ್ತಿದನು ಎಂದು ಉತ್ತಮ ಪುರುಷದಲ್ಲಿಯೇ ನುಡಿಯಬೇಕು. ಕ್ರೈಸ್ತರು ಸಾಕ್ಷಿ ಹೇಳುವುದೆಂದು ಕರೆಯುವುದು ಇದನ್ನೇ. ಆದುದರಿಂದ ಗಂಗೊಳ್ಳಿಯ ಹುಡುಗನು ಎಂದೂ ಕಾಣದ ಬ್ರಾಂಕ್ಸಿನ ಬೀದಿಯನ್ನು ಎರವಲು ಉಚ್ಚಾರಣೆಯಲ್ಲಿ ವರ್ಣಿಸಿದರೆ ಅದು ಕಲೆಯಾಗಿಯೂ ಸುಳ್ಳು, ಪ್ರಾರ್ಥನೆಯಾಗಿಯೂ ಸುಳ್ಳು. ಅವನು ಮನೆಯ ಕೊಂಕಣಿಯಲ್ಲಿ ಇಲ್ಲವೆ ಪೇಟೆಯ ಕುಂದಗನ್ನಡದಲ್ಲಿ ಹಾಡಲಿ. 'ಹೋಯ್ಕ್', 'ಮಾಡ್ಕ್' ಎಂದು ಕೊನೆಯ ಸ್ವರವನ್ನು ಕತ್ತರಿಸಿ ವ್ಯಂಜನದ ಮೇಲೆ ನಿಲ್ಲುವ ಕುಂದಗನ್ನಡವು ತಾಳದ ಪೆಟ್ಟಿಗೆ ಹೇಳಿ ಮಾಡಿಸಿದ ಭಾಷೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಆ ನುಡಿಯಲ್ಲಿ ಹಾಡಿದವನ ಮಾತು ನೆರೆಮನೆಯವನಿಗೂ, ಮೀನಿನ ಬುಟ್ಟಿ ಹೊತ್ತ ಹೆಂಗಸಿಗೂ ತಿಳಿಯುತ್ತದೆ. ಹಾಡಿದಂತೆ ಬಾಳುತ್ತಾನೆಯೇ ಎಂದು ನೋಡುವ ಕಣ್ಣುಗಳು ಊರಿನಲ್ಲೇ ಇರುತ್ತವೆ.

ಹಾಡುವುದಕ್ಕೆ ವಿಷಯದ ಕೊರತೆಯುಂಟೇ? ಮಳೆಗಾಲದಲ್ಲಿ ದಡ ಸೇರಿದ ದೋಣಿ, ಕೊಲ್ಲಿ ದೇಶದಲ್ಲಿ ದುಡಿಯುವ ತಂದೆ, ಮುಂಬಯಿಯ ಹೊಟೇಲಿಗೆ ಹೋದ ಅಣ್ಣ, ಕುಡಿತದಿಂದ ಮುರಿದ ಸಂಸಾರ, ಸಾಲ, ಒಂಟಿತನ, ಇವುಗಳ ನಡುವೆಯೇ ಅಲ್ಲವೆ ನಮ್ಮ ಜನ ಜಪಸರ ಹಿಡಿದು ಕುಳಿತುಕೊಳ್ಳುವುದು? ಬೈಬಲಿನ 150 ಕೀರ್ತನೆಗಳಲ್ಲಿ ಸ್ತುತಿಯಷ್ಟೇ ಅಲ್ಲ, ದೂರು, ಕಣ್ಣೀರು, ಕೋಪ ಎಲ್ಲವೂ ಇವೆ. 88ನೆಯ ಕೀರ್ತನೆಯಂತೂ ಸಾಂತ್ವನದ ಒಂದು ಮಾತೂ ಇಲ್ಲದೆ ಕತ್ತಲಲ್ಲಿಯೇ ಮುಗಿಯುತ್ತದೆ. ನಮ್ಮ ನಿತ್ಯದ ಗಾಯನಗಳಲ್ಲಿ ಈ ಅಳಲಿಗೆ ಎಡೆ ಕಿರಿದಾಗಿದೆ. ರ‍್ಯಾಪಿನ ಒರಟು ಧ್ವನಿಯಲ್ಲಿ ಅದು ಮರಳಿ ಬಂದರೆ ನಷ್ಟವೇನು?

ಹೀಗೆಂದು ಎಲ್ಲೆಗಳೇ ಬೇಡವೆಂದು ನಾನು ಹೇಳುವುದಿಲ್ಲ. ಎರಡನೆಯ ವ್ಯಾಟಿಕನ್ ಸಭೆಯು 1963ರಲ್ಲಿ ಹೊರಡಿಸಿದ ಆರಾಧನಾ ಶಾಸನವು ಆಯಾ ಜನರ ಸಂಗೀತ ಪರಂಪರೆಯನ್ನು ಗೌರವಿಸಲು ಹೇಳಿದ್ದರೂ ಬಲಿಪೂಜೆಯ ಗಾಂಭೀರ್ಯವನ್ನು ಸಡಿಲಿಸಿಲ್ಲ. ಪೀಠದ ಮುಂದೆ ರ‍್ಯಾಪ್ ಬೇಕೆಂಬ ಹಟ ನನಗಿಲ್ಲ, ಹಬ್ಬದ ಸಂಜೆಯ ವೇದಿಕೆ, ಯುವಕ ಸಂಘದ ಕೂಟ, ಮನೆಯ ಅಂಗಳ ಅದಕ್ಕೆ ಸಾಕು. ಅನ್ಯರ ಶ್ರದ್ಧೆಯನ್ನು ಹಳಿಯುವ ಒಂದು ಪಂಕ್ತಿಯೂ ಅದರಲ್ಲಿ ಕೂಡದು. ಎದುರಾಳಿಯನ್ನು ಕೆಣಕುವುದು ಈ ಕಲೆಯ ಹಳೆಯ ಚಾಳಿ. ನಮ್ಮೂರುಗಳಲ್ಲಿ ಕೆಣಕುವಿಕೆಗೆ ಗುರಿಯಾಗಬೇಕಾದುದು ಹಾಡುವವನ ಅಹಂಕಾರವೊಂದೇ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು 'ಗೊಲ್ಗೊಥಾ' ಖಂಡಕಾವ್ಯದಲ್ಲಿ ಎಷ್ಟು ಗೌರವದಿಂದ ಚಿತ್ರಿಸಿದರೆಂಬುದನ್ನು ಕರಾವಳಿಯ ಕ್ರೈಸ್ತ ತರುಣರು ಓದಿ ತಿಳಿಯಬೇಕು. 1911ರಲ್ಲಿ ಪ್ರಾಸವನ್ನು ಕೈಬಿಟ್ಟ ಕವಿಯೂ ಅವರೇ. ಪ್ರಾಸದ ಮೇಲೆ ಪ್ರಾಸ ಪೇರಿಸಲು ತವಕಿಸುವವರಿಗೆ ಅರ್ಥವನ್ನು ಪ್ರಾಸಕ್ಕೆ ಮಾರಬಾರದೆಂಬ ಪಾಠವೂ ಅಲ್ಲಿ ದೊರೆತೀತು.

ಕಡೆಯದಾಗಿ ವಾದ್ಯದ ಮಾತು. ಅಂತರ್ಜಾಲದಿಂದ ಇಳಿಸಿಕೊಂಡ ಸಿದ್ಧ ತಾಳವನ್ನೇ ಏಕೆ ನೆಚ್ಚಬೇಕು? ಹೋಳಿಯ ದಿನಗಳಲ್ಲಿ ಕುಂದಾಪುರ, ಬ್ರಹ್ಮಾವರ ಸೀಮೆಯ ಕುಡುಬಿ ಜನರು ಮಣ್ಣಿನ ಗುಮಟೆಯನ್ನು ಬಾರಿಸುತ್ತ ಕುಣಿಯುತ್ತಾರೆ. ಕೊಂಕಣಿ ಕ್ರೈಸ್ತರ ಹಳೆಯ ಹಾಡುಗಳಿಗೂ ಜತೆಯಾಗಿದ್ದುದು ಅದೇ ಗುಮಟೆ. ಅದರ ಬಾಯಿಗೆ ಹಿಂದೆ ಬಿಗಿಯುತ್ತಿದ್ದ ಉಡದ ಚರ್ಮವನ್ನು ಬಳಸುವುದು ಇಂದು ಕಾನೂನಿಗೆ ವಿರುದ್ಧವಾದುದರಿಂದ ಆಡಿನ ಚರ್ಮವನ್ನು ಬಿಗಿಯುವ ರೂಢಿ ಬಂದಿದೆ. ರ‍್ಯಾಪ್ ಬರೆಯುವ ಹುಡುಗರು ಹೋಳಿ ಬರುವ ಮುನ್ನವೇ ಕುಡುಬಿ ಹಿರಿಯರಲ್ಲಿಗೆ ಹೋಗಿ, ಕಾಣಿಕೆಯಿಟ್ಟು, ಆ ಪೆಟ್ಟುಗಳನ್ನು ಕಲಿತು ಬರಲಿ. ಅದರ ವೆಚ್ಚವನ್ನು ಇಗರ್ಜಿಗಳ ಯುವಕ ಸಂಘಗಳು ಭರಿಸಲಿ.