ಮಗುವಿನ ಹೊಟ್ಟೆನೋವೂ ಹಿರಿಯರ ವಿವೇಕವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಲ್ಲಿ ಮಗು ಹೊಟ್ಟೆನೋವೆಂದು ಅತ್ತರೆ ಹಿರಿಯರು ಮೊದಲು ನೆನೆಯುವುದು ಜಂತುವನ್ನು, ಇಲ್ಲವೆ ದೃಷ್ಟಿದೋಷವನ್ನು. ಅಜವಾನದ ಕಷಾಯಕ್ಕೆ ಶಮನವಾಗುವ ನೋವುಗಳೂ ಉಂಟು. ಆದರೆ ಎಲ್ಲ ನೋವೂ ಒಂದೇ ಅಲ್ಲವೆಂಬುದನ್ನು ತಾಯಂದಿರು ಅರಿಯಬೇಕೆಂದು ನಾವು ಈ ಸಲ ಮೇದೋಜೀರಕ ಗ್ರಂಥಿಯ ವಿಷಯವನ್ನು ಎತ್ತಿಕೊಂಡಿದ್ದೇವೆ.

ಜಠರದ ಹಿಂದೆ ಬೆನ್ನುಮೂಳೆಗೆ ಅಡ್ಡಲಾಗಿರುವ ಈ ಗ್ರಂಥಿಯು ಅನ್ನವನ್ನು ಅರಗಿಸುವ ರಸವನ್ನೂ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ಸ್ರವಿಸುತ್ತದೆ. ಮಗು ಬಿದ್ದು ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ನಾಟಿದರೆ ಅದು ಮೂಳೆಗೆ ಒತ್ತಿ ಜಜ್ಜಿಹೋಗಬಹುದು. ಪಿತ್ತದ ಕಲ್ಲು, ಹುಟ್ಟಿನಿಂದ ಬಂದ ನಾಳದೋಷ, ಕೆಲವು ಔಷಧಿಗಳಿಂದಲೂ ಬಾವು ಬರುವುದುಂಟು. ಆಗ ಅನ್ನವನ್ನು ಅರಗಿಸಬೇಕಾದ ರಸವು ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವು, ನಿಲ್ಲದ ವಾಂತಿ ಇದರ ಮುಖ್ಯ ಲಕ್ಷಣಗಳು. ರಕ್ತಪರೀಕ್ಷೆ, ಸೋನೋಗ್ರಫಿಗಳು ರೋಗವನ್ನು ಗುರುತಿಸಲು ನೆರವಾಗುತ್ತವೆ.

ಹೀಗೆ ಹಠಾತ್ತನೆ ಬಾವು ಬಂದ ಬಹುಪಾಲು ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗದು. ಸಲೈನ್, ನೋವಿನ ಔಷಧಿ, ತಕ್ಕ ಆಹಾರಗಳಿಂದ ಗುಣವಾಗುತ್ತದೆ. ಕೆಲವರಲ್ಲಿ ರಸವು ಗ್ರಂಥಿಯ ಬಳಿ ಮಡುಗಟ್ಟಿ ಚೀಲದಂತಾಗುತ್ತದೆ. ಅದರ ಗೋಡೆ ಗಟ್ಟಿಯಾಗಲೆಂದು ವೈದ್ಯರು ಸಾಮಾನ್ಯವಾಗಿ 4ರಿಂದ 6 ವಾರ ಕಾಯುತ್ತಾರೆ. ಎಷ್ಟೋ ಚೀಲಗಳು ತಾವಾಗಿಯೇ ಕರಗುತ್ತವೆ.

ಕರಗದಿದ್ದಾಗ ಹಿಂದೆ ಹೊಟ್ಟೆಯನ್ನು ಅಗಲವಾಗಿ ಕೊಯ್ಯಬೇಕಿತ್ತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ವೈದ್ಯರು ಸಣ್ಣ ರಂಧ್ರದ ಮೂಲಕ ಪಿತ್ತಕೋಶವನ್ನು ತೆಗೆದರು. ಆ ವಿದ್ಯೆ ಬೆಳೆದು ಇಂದು ಮಕ್ಕಳಿಗೂ ಒದಗಿದೆ. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಸುಮಾರು 5 ಮಿಲಿಮೀಟರಿನ ಕೆಲವು ರಂಧ್ರಗಳಿಂದ ಕ್ಯಾಮೆರಾವನ್ನೂ ಉಪಕರಣಗಳನ್ನೂ ಇಳಿಸಿ, ರಸವು ಜಠರಕ್ಕೆ ಹರಿಯುವಂತೆ ಚೀಲಕ್ಕೆ ದಾರಿ ಮಾಡುತ್ತಾರೆ. ಕೆಲವೊಮ್ಮೆ ಬಾಯಿಯಿಂದ ಎಂಡೊಸ್ಕೋಪ್ ಇಳಿಸಿ, ಹೊರಗೆ ಗಾಯವೇ ಇಲ್ಲದಂತೆ ಈ ಕಾರ್ಯವನ್ನು ಪೂರೈಸುತ್ತಾರೆ. ನೋವು ಕಡಿಮೆ, ಮಗು ಬೇಗ ಮನೆಗೆ ಮರಳುತ್ತದೆ. ಆದರೂ ರಕ್ತಸ್ರಾವ, ಸೋಂಕುಗಳ ಭಯ ಇದ್ದೇ ಇರುವುದರಿಂದ ಪಳಗಿದ ಕೈಯೇ ಬೇಕು.

ಅಂಥ ಕೈ ಊರೂರಿಗೂ ದೊರೆಯುವಂಥದಲ್ಲ. ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು 1986ರಿಂದ ವಿಜಯಪುರದಲ್ಲಿದೆ. ಮೊದಲು ಜಿಲ್ಲಾ ಕೇಂದ್ರದಲ್ಲಿ ತೋರಿಸಿ, ವೈದ್ಯರು ಸೂಚಿಸಿದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದು ಲೇಸು. ಖರ್ಚಿನ ಚಿಂತೆಯುಳ್ಳವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಬೇಕು.

ನಮ್ಮ ಸೀಮೆಯಲ್ಲಿ ಹೊಟ್ಟೆನೋವಿಗೆ ಮಕ್ಕಳ ಹೊಟ್ಟೆಯ ಮೇಲೆ ಬರೆ ಹಾಕಿಸುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಎಳೆಯ ಮೈಯನ್ನು ಸುಡಿಸಲು ಅಂಜದವರು ಆಸ್ಪತ್ರೆಯ ಪುಟ್ಟ ರಂಧ್ರಕ್ಕೆ ಅಂಜುವುದು ಯಾವ ನ್ಯಾಯ? ಹೊಟ್ಟೆಗೆ ಪೆಟ್ಟು ಬಿದ್ದ ಮಗು ನೋವೆಂದರೆ, ವಾಂತಿ ನಿಲ್ಲದಿದ್ದರೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಹಿರಿಯರು ಮನೆಯ ಸೊಸೆಯಂದಿರಿಗೆ ಅಷ್ಟು ಧೈರ್ಯವನ್ನು ಕೊಡಬೇಕೆಂಬುದೇ ನಮ್ಮ ಆಶಯ.