ಆಂಜಿಯೋ ನಾರ್ಮಲ್, ಮನೆಗೆ ಹೋಗಿ

ವಿಜಯವಾಡದ ಆಟೋನಗರದಲ್ಲಿ ಲಾರಿ ರಿಪೇರಿ ಮಾಡುವ, ಇಲ್ಲವೇ ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ಐಸ್ ಪೆಟ್ಟಿಗೆ ಹೊರುವ ಮೂವತ್ತರ ಒಬ್ಬಾತ ಎಂದಿಟ್ಟುಕೊಳ್ಳಿ. ವಾರ ಕಾಡಿದ ಜ್ವರ ಬಿಟ್ಟ ಮೇಲೆ ಎದೆನೋವು. ಇಸಿಜಿಯಲ್ಲಿ ಏರುಪೇರು, ರಕ್ತದಲ್ಲಿ ಟ್ರೋಪೋನಿನ್ ಹೆಚ್ಚು. ಹಾರ್ಟ್ ಅಟ್ಯಾಕ್ ಇರಬಹುದೆಂದು ಆಂಜಿಯೋಗ್ರಾಂ ಮಾಡುತ್ತಾರೆ; ಮಾಡಬೇಕಾದದ್ದೇ. ರಕ್ತನಾಳಗಳಲ್ಲಿ ಅಡ್ಡಿ ಇಲ್ಲ. ‘ಆಂಜಿಯೋ ನಾರ್ಮಲ್, ಮನೆಗೆ ಹೋಗಿ’ ಎಂಬ ಮಾತು ಬರುತ್ತದೆ. ವಿಶಾಖದವರು ಕನಕಮಹಾಲಕ್ಷ್ಮಿಗೆ, ವಿಜಯವಾಡದವರು ಕನಕದುರ್ಗೆಗೆ ಕೈಮುಗಿಯುತ್ತಾರೆ. ಮುಂದಿನ ಸೋಮವಾರ ಆತ ಮತ್ತೆ ಭಾರ ಎತ್ತಲು ನಿಲ್ಲುತ್ತಾನೆ.

ಈ ‘ನಾರ್ಮಲ್’ ಎಂಬ ಪದವೇ ಮೋಸ. ನಾರ್ಮಲ್ ಆಗಿರುವುದು ಕೊಳವೆ ಮಾತ್ರ. ಟ್ರೋಪೋನಿನ್ ಏರಿದೆ ಎಂದರೆ ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದೆ, ಅದನ್ನು ಯಾರೂ ನೋಡಿಲ್ಲ. ಅದು ಮಯೋಕಾರ್ಡೈಟಿಸ್, ಅಂದರೆ ಹೃದಯ ಸ್ನಾಯುವಿನ ಉರಿಯೂತ ಆಗಿದ್ದರೆ ಮೂರರಿಂದ ಆರು ತಿಂಗಳು ಮೈಬಗ್ಗಿಸಿ ದುಡಿಯಬಾರದು. ಉರಿಯುತ್ತಿರುವ ಸ್ನಾಯು ದಣಿದಾಗ ಲಯ ತಪ್ಪಿ ಜೀವವೇ ಹೋಗಬಹುದು. ಕ್ರಿಕೆಟ್ ಆಟಗಾರನಿಗೆ ಈ ವಿಶ್ರಾಂತಿಯನ್ನು ಬರೆದುಕೊಡುತ್ತಾರೆ. ಹಮಾಲಿಗೆ ಯಾರು ಬರೆಯುತ್ತಾರೆ?

ನೋಡುವ ದಾರಿ ಇಲ್ಲವೆಂದಲ್ಲ. ಹೃದಯದ ಎಂಆರ್‌ಐ ಇದಕ್ಕೆಂದೇ ಇದೆ. ಉರಿಯೂತವಿದ್ದಲ್ಲಿ ಸ್ನಾಯು ನೀರು ಹಿಡಿದಿರುತ್ತದೆ, ಅದು ಟಿ2 ಚಿತ್ರದಲ್ಲಿ ಕಾಣುತ್ತದೆ. ಗ್ಯಾಡೋಲಿನಿಯಂ ಎಂಬ ದ್ರವ ಚುಚ್ಚಿ ಹತ್ತು ಹದಿನೈದು ನಿಮಿಷ ಕಾದು ನೋಡಿದರೆ, ಕೆಟ್ಟ ಭಾಗ ಬೆಳ್ಳಗೆ ಉಳಿದಿರುತ್ತದೆ. ಆ ಬಿಳುಪು ಎಲ್ಲಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಹಾರ್ಟ್ ಅಟ್ಯಾಕ್‌ನಲ್ಲಿ ಅದು ಹೃದಯದ ಒಳಗೋಡೆಯಿಂದ ಶುರುವಾಗುತ್ತದೆ. ಮಯೋಕಾರ್ಡೈಟಿಸ್‌ನಲ್ಲಿ ಸಾಮಾನ್ಯವಾಗಿ ಹೊರಮೈಯಲ್ಲಿ ಅಥವಾ ಗೋಡೆಯ ನಡುವೆ. ಕೆನಡಾದ ಲೇಕ್ ಲೂಯಿಸ್ ಊರಿನ ಹೆಸರಿನ ಮಾನದಂಡಗಳು 2009ರಲ್ಲೇ ಬಂದವು, 2018ರಲ್ಲಿ ಪರಿಷ್ಕಾರವೂ ಆಯಿತು. ಸ್ನಾಯುವಿನ ಚೂರು ಕಿತ್ತು ನೋಡುವ ಬಯಾಪ್ಸಿಯಲ್ಲಿ ಉಪಕರಣ ಸರಿಯಾದ ಜಾಗಕ್ಕೆ ಬೀಳದಿದ್ದರೆ ರೋಗ ತಪ್ಪಿಹೋಗುತ್ತದೆ. ಸ್ಕ್ಯಾನ್ ಇಡೀ ಹೃದಯವನ್ನು ನೋಡುತ್ತದೆ.

ಆದರೆ ಊತ ಕಾಯುವುದಿಲ್ಲ. ಮೊದಲ ಎರಡು ಮೂರು ವಾರಗಳಲ್ಲಿ ತೆಗೆದ ಚಿತ್ರಕ್ಕೇ ಹೆಚ್ಚು ಬೆಲೆ. ‘ದುಡ್ಡು ಹೊಂದಿಸಿಕೊಂಡು ಮುಂದಿನ ತಿಂಗಳು ಬನ್ನಿ’ ಎಂದರೆ, ಬರುವ ಹೊತ್ತಿಗೆ ಊತ ಇಳಿದು ಬರಿ ಗಾಯದ ಗುರುತು ಉಳಿದಿರಬಹುದು. 2007ರಲ್ಲಿ ರಾಜೀವ್ ಆರೋಗ್ಯಶ್ರೀ ಎಂದು ಶುರುವಾಗಿ ಇಂದು ಎನ್‌ಟಿಆರ್ ವೈದ್ಯ ಸೇವೆಯಾಗಿರುವ ಆಂಧ್ರದ ಯೋಜನೆ ಎಷ್ಟೋ ಬಡವರ ಜೀವ ಉಳಿಸಿದೆ. ಆದರೂ ಅದು ಪ್ಯಾಕೇಜುಗಳ ಲೆಕ್ಕದಲ್ಲಿ ನಡೆಯುವ ಯೋಜನೆ. ಸ್ಟೆಂಟ್ ಹಾಕಿದರೆ ಒಂದು ಕೆಲಸ ಆದಂತೆ. ಸ್ಟೆಂಟ್ ಬೇಡವಾದ ಹೃದಯಕ್ಕೆ ಏನಾಗಿದೆ ಎಂದು ಪತ್ತೆ ಮಾಡುವುದು ಅಂಥ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ಕಡೆ, ಈ ಸ್ಕ್ಯಾನ್ ಎಲ್ಲವನ್ನೂ ಹೇಳುತ್ತದೆ ಎಂದು ಮಾರುವವರೂ ಇದ್ದಾರೆ. ಹೇಳುವುದಿಲ್ಲ. ಬೆಂಕಿ ಎಲ್ಲಿದೆ, ಎಷ್ಟಿದೆ ಎಂದು ಅದು ತೋರಿಸುತ್ತದೆ. ಹಚ್ಚಿದವರ ಹೆಸರು ಹೇಳುವುದು ಅಪರೂಪ. ಪಾಡೇರು, ಅರಕು ಕಡೆಯ ಬೆಟ್ಟಗಳಿಂದ ಜ್ವರದವರು ವಿಶಾಖದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಬರುತ್ತಾರೆ. ಅವರಲ್ಲಿ ಒಬ್ಬರ ಹೃದಯ ಊದಿಕೊಂಡದ್ದು ಸ್ಕ್ರಬ್ ಟೈಫಸ್‌ನಿಂದ ಎಂದಾದರೆ, ಸುಳಿವು ಇರುವುದು ಕಂಕುಳಲ್ಲೋ ತೊಡೆಸಂದಿಯಲ್ಲೋ ಇರುವ ಸಣ್ಣ ಕಪ್ಪು ಹಕ್ಕಳೆಯಲ್ಲಿ. ಬಟ್ಟೆ ಸರಿಸಿ ನೋಡುವ ವೈದ್ಯರಿಗೆ ಅದು ಕಂಡೀತು, ಅಗ್ಗದ ಡಾಕ್ಸಿಸೈಕ್ಲಿನ್ ಸಾಕಾದೀತು. ಇದಕ್ಕಿಂತ ಅಪಾಯದ್ದು ಕ್ಷಯ. ಹೃದಯದ ಸಾರ್ಕಾಯ್ಡೋಸಿಸ್ ಮತ್ತು ಹೃದಯದ ಕ್ಷಯ ಎಂಆರ್‌ಐನಲ್ಲಿ ಒಂದೇ ತೆರನಾಗಿ ಕಾಣಬಹುದು. ಮೊದಲನೆಯದಕ್ಕೆ ಸ್ಟೆರಾಯ್ಡ್ ಮದ್ದು. ಎರಡನೆಯದಕ್ಕೆ ಕ್ಷಯದ ಔಷಧಿ ಇಲ್ಲದೆ ಬರಿ ಸ್ಟೆರಾಯ್ಡ್ ಕೊಟ್ಟರೆ ರೋಗಕ್ಕೇ ಉಣಿಸಿದಂತೆ. ಕ್ಷಯ ಇಷ್ಟು ಹರಡಿರುವ ದೇಶದಲ್ಲಿ ಚಿತ್ರ ನೋಡಿದೊಡನೆ ಚೀಟಿ ಬರೆಯುವುದು ಬೇಜವಾಬ್ದಾರಿ.

ಕಾರಣ ಗೊತ್ತಿಲ್ಲದ ಜಾಗವನ್ನು ಗಾಳಿಮಾತು ತುಂಬುತ್ತದೆ. 2025ರಲ್ಲಿ ಹಾಸನದ ಸಾವುಗಳ ಸುತ್ತ ಕರ್ನಾಟಕ ಕಂಡದ್ದು ಅದನ್ನೇ. ಮುಖ್ಯಮಂತ್ರಿಯೇ ಕೋವಿಡ್ ಲಸಿಕೆಯತ್ತ ಬೆರಳು ತೋರಿದರು. ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಐಸಿಎಂಆರ್, ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಸಂಬಂಧವಿಲ್ಲವೆಂದಿತು. ಅಪರೂಪದ ಮಯೋಕಾರ್ಡೈಟಿಸ್ ತರುವುದೆಂದು ಸ್ಪಷ್ಟವಾಗಿ ದಾಖಲಾದದ್ದು ಎಂಆರ್‌ಎನ್‌ಎ ಲಸಿಕೆಗಳು. ಇಲ್ಲಿ ಬಹುತೇಕ ಎಲ್ಲರೂ ಪಡೆದದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಕೊನೆಗೆ ಆಸ್ಪತ್ರೆಯ ಹೊರಗಿನ ಹಠಾತ್ ಸಾವಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಎಂದು ರಾಜ್ಯ ಸರ್ಕಾರ ಹೇಳಿತು. ಒಳ್ಳೆಯದೇ. ಸತ್ತವರ ಹೃದಯ ನೋಡುವುದು ಕಡ್ಡಾಯವಾದರೆ, ಟ್ರೋಪೋನಿನ್ ಏರಿ ವಾರ್ಡಿನಲ್ಲಿ ಮಲಗಿರುವವರ ಹೃದಯ ನೋಡುವುದು ಯಾಕೆ ಐಚ್ಛಿಕ?

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಸಾಮಾನ್ಯ 1.5 ಟೆಸ್ಲಾ ಯಂತ್ರ, ಹೃದಯಕ್ಕೆ ಬೇಕಾದ ಕಾಯಿಲ್ ಮತ್ತು ಸಾಫ್ಟ್‌ವೇರ್, ಮುಕ್ಕಾಲು ಗಂಟೆ ಸಾಕು. ಕಷ್ಟವಿರುವುದು ಓದಬಲ್ಲ ಕಣ್ಣಿನದ್ದು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರ್, ಆದರೆ ಚಿತ್ರಗಳು ರೈಲು ಹತ್ತಬೇಕಿಲ್ಲ. ತರಬೇತಾದ ಇಬ್ಬರು ವೈದ್ಯರು ಎರಡೂ ಊರಿನ ಸರ್ಕಾರಿ ಆಸ್ಪತ್ರೆಗಳ ಸ್ಕ್ಯಾನ್ ಓದಬಲ್ಲರು. ಅಲ್ಲಿಯವರೆಗೆ ಡಿಸ್ಚಾರ್ಜ್ ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆಯುವುದನ್ನಾದರೂ ನಿಲ್ಲಿಸಲಿ. ‘ರಕ್ತನಾಳ ಸರಿಯಿದೆ, ಸ್ನಾಯುವನ್ನು ನೋಡಿಲ್ಲ, ಮೂರು ತಿಂಗಳು ಭಾರ ಎತ್ತಬೇಡ’ ಎಂದು ತೆಲುಗಿನಲ್ಲಿ ಬರೆದುಕೊಡಲಿ. ಮೇಸ್ತ್ರಿಗೆ ತೋರಿಸಲು ಆತನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.